ಮಂಗಳಾರತಿಯ ನಂತರ ಒದರಿದವನು

ಮೂಡಲಗಿಯಲ್ಲಿ ಈಚೆಗೆ ಸ್ಟುಡಿಯೋ ತೆರೆದಿರುವ ನನ್ನ ತಂಗಿಯ ಮಗಳು ಸವಿತಾ ಒಂದು ದಿನ ಮನೆಗೆ ಬಂದು, "ಮಾಮಾ, ನೀವು ಇಡೀ ಜನ್ಮ ರೆಕಾರ್ಡಿಂಗ್ ಮಾಡೀರಿ. ನಮ್ಮಂಥಾ ಹೊಸಬರಿಗೆ ಉಪಯೋಗ ಆಗೂವಂಥಾದ್ದು ಏನರೆ ಬರದ ಕೊಡ್ರಿ" ಎಂದು ಒಂದು ನೋಟುಬುಕ್ಕು ಕೈಗಿಟ್ಟು ಹೋದಳು. ಅವಳ ಸ್ಟುಡಿಯೋ ನೋಡಿ ಬಂದಿದ್ದೇನೆ. ಗೋಡೆಗೆಲ್ಲ ಸ್ಪಂಜು, ತಣ್ಣಗೆ ಎಸಿ, ಎದುರಿಗೆ ಎರಡು ಕಂಪ್ಯೂಟರ್ ಪರದೆ. ಹಾಡುವವನು ಒಂದು ಅಕ್ಷರ ತಪ್ಪಿದರೆ ಆ ಒಂದು ಅಕ್ಷರವನ್ನಷ್ಟೇ ಕಿತ್ತು ಬೇರೆಯದನ್ನು ಕೂರಿಸುತ್ತಾಳೆ. ನಮ್ಮ ಕಾಲದಲ್ಲಿ ತಪ್ಪಿದರೆ ಮೊದಲಿನಿಂದ ಹಾಡಬೇಕಿತ್ತು, ಇಲ್ಲವೇ ತಪ್ಪನ್ನೇ ಹಾಡು ಎಂದು ಒಪ್ಪಿಕೊಳ್ಳಬೇಕಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಏಕೆ ಹೇಳಲಿ?

ಸವಿತಾಳಿಗೆ ಉಪಯೋಗ ಆಗುವಂಥ ಮಾತು ನನ್ನ ಬಳಿ ಒಂದೇ ಇದೆ. ರೆಕಾರ್ಡ್ ಮಾಡಿದ ಮೇಲೆ ಕೊನೆಯವರೆಗೂ ಕೂತು ಕೇಳಬೇಕು. ನಾನು ಒಂದು ಸಲ ಕೇಳಲಿಲ್ಲ. ಅದರಿಂದ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಏನೇನು ಗದ್ದಲವಾಯಿತು ಎಂದು ಬರೆದರೆ ನೋಟುಬುಕ್ಕು ತುಂಬುತ್ತದೆ ಅನ್ನಿಸಿತು.

ಗೋಕಾಕದ ಬಸ್ ಸ್ಟ್ಯಾಂಡಿನಿಂದ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ನಮ್ಮ ಕ್ಯಾಸೆಟ್ ಅಂಗಡಿ ಇತ್ತು. ಮಾಲೀಕರು ಪಾಯಪ್ಪಣ್ಣ. ಜೈನ ವ್ಯಾಪಾರಿಗಳ ಮನೆತನ, ಮನೆಯಲ್ಲಿ ಮರಾಠಿ, ಗಿರಾಕಿಗಳ ಜೊತೆ ಕನ್ನಡ, ಸಿಟ್ಟು ಬಂದಾಗ ಎರಡೂ. ಅಂಗಡಿಯ ಹಿಂದೆ ಒಂದು ಗೋಡೌನು; ಅದರ ಗೋಡೆಗೆ ಗೋಣಿಚೀಲ ಹೊಡೆದು, ಅದರ ಮೇಲೆ ಹಳೆಯ ಕೌದಿಗಳನ್ನು ನೇತುಹಾಕಿ, ನಡುವೆ ಒಂದು ಮೈಕು ಇಳಿಬಿಟ್ಟು ಅದನ್ನು ರೆಕಾರ್ಡಿಂಗ್ ರೂಮು ಎಂದು ಕರೆಯುತ್ತಿದ್ದೆವು. ಪಕ್ಕದಲ್ಲೇ ಹಿಟ್ಟಿನ ಗಿರಣಿ. ಹಾಡು ಶುರುವಾಗುವ ಮುಂಚೆ ನಾನು ಹೋಗಿ ಗಿರಣಿ ನಿಲ್ಲಿಸಲು ಹೇಳಬೇಕು. ಜೋಳ ಬೀಸಿಸಲು ಬಂದ ಹೆಂಗಸರು ನನ್ನನ್ನೂ ನನ್ನ ಹಾಡುಗಾರರನ್ನೂ ಬೈಯಬೇಕು. ನಮ್ಮ ಎಷ್ಟೋ ಹಳೆಯ ಕ್ಯಾಸೆಟ್ಟುಗಳಲ್ಲಿ ಹಾಡಿನ ಹಿಂದೆ ಟುಕ್ ಟುಕ್ ಎಂದು ಗಿರಣಿಯ ಸದ್ದಿದೆ. ಘಟಪ್ರಭಾದ ಒಬ್ಬ ಸಂಗೀತ ಮಾಸ್ತರು ಅದನ್ನು ಕೇಳಿ, "ತಾಳಾ ಯಾರ ಹಾಕ್ಯಾರ್ರಿ? ಒಂದ ಮಾತ್ರಾ ಹಿಂದ ಮುಂದ ಆಗಿಲ್ಲ" ಎಂದು ಹೊಗಳಿ ಹೋದರು. ನಾವು ಗಿರಣಿಯವನಿಗೆ ಅದನ್ನು ಹೇಳಲಿಲ್ಲ.

ಆ ಕಾಲದಲ್ಲಿ ನಮ್ಮ ಕಸುಬಿನ ದೊಡ್ಡ ಪೀಡೆ ಎಂದರೆ ಖಾಲಿ ಕ್ಯಾಸೆಟ್ಟು. ಯಾವುದೋ ಹಳೆಯ ಸಿನಿಮಾ ಹಾಡಿನ ಟೇಪನ್ನೇ ತಿರುಗಿ ಸುತ್ತಿ, ಹೊಸ ಡಬ್ಬಿಗೆ ಹಾಕಿ ವ್ಯಾಪಾರಿಗಳು ಕಳಿಸುತ್ತಿದ್ದರು. ನಾವು ಅದರ ಮೇಲೆ ದೇವರ ಹಾಡು ತುಂಬಿದರೆ, ಹಾಡಿನ ನಡುವೆ ಸಂದು ಸಿಕ್ಕಲ್ಲೆಲ್ಲ ಹಳೆಯ ನಾಯಕಿ ಕಿಸಕ್ಕೆಂದು ನಗುತ್ತಿದ್ದಳು. ಹೀಗಾಗಿ ಆರ್ಡರ್ ಚೀಟಿಯಲ್ಲಿ ಪ್ರತಿಯೊಂದರ ಮುಂದೆಯೂ 'ನ್ಯೂ' ಎಂದು ಬರೆಯುವುದು ನನಗೆ ರೂಢಿಯಾಯಿತು. ನ್ಯೂ ನಾರ್ಮಲ್, ನ್ಯೂ ಕ್ರೋಮ್. ಟೇಪಿಗೆ ಹಚ್ಚಿದ ಲೇಪದ ಮೇಲೆ ಈ ಜಾತಿಗಳು. ಎಲ್ಲಕ್ಕಿಂತ ಮೇಲಿನ ಜಾತಿ ಮೆಟಲ್. ನಾನು ಅದನ್ನು ಒಂದೇ ಒಂದು ಸಲ ಬೆಳಗಾವಿಯಲ್ಲಿ ಗಾಜಿನ ಕಪಾಟಿನೊಳಗೆ ಕಂಡಿದ್ದೆ. ಅದರಲ್ಲಿ ತುಂಬಿದ ದನಿ ಜೀವಮಾನವಿಡೀ ಹಾಗೇ ಉಳಿಯುತ್ತದೆ ಎಂದು ಅಂಗಡಿಯವನು ಹೇಳಿದ್ದ.

ಒಂದು ವರ್ಷ ಶ್ರಾವಣದಲ್ಲಿ ನನಗೆ ಆ ಮೆಟಲ್ ಬೇಕೇ ಬೇಕು ಅನ್ನಿಸುವಂಥ ಕೆಲಸ ಬಂತು. ಮೂಡಲಗಿ ಹತ್ತಿರದ ಹಳ್ಳಿಯ ಬಾಳಪ್ಪಜ್ಜ ಎಂಬುವರು ಬಡಿಗರು. ಭಜನಾ ಮೇಳದಲ್ಲಿ ಮುಂದಿನ ಹಾಡುಗಾರರು. ಸುತ್ತಲಿನ ಊರುಗಳಲ್ಲಿ ಅವರ ತತ್ವಪದ ಕೇಳದವರಿಲ್ಲ, ಆದರೆ ಒಂದು ಸಲವೂ ಅವರ ದನಿ ಟೇಪಿನಲ್ಲಿ ಕೂತಿರಲಿಲ್ಲ. ಅಜ್ಜನೇ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತು ವಿಷಯ ಹೇಳಿದರು.

"ಗಂಟಲದಾಗ ಗಡ್ಡಿ ಆಗೈತಿ ಅಂತಪಾ. ಘಟಪ್ರಭಾದ ದವಾಖಾನ್ಯಾಗ ತೋರಿಸೇನಿ. ಪೆಟಗಿ ತಗೀಬೇಕು ಅಂತಾರ."

ಜೊತೆಗೆ ಬಂದಿದ್ದ ಹಾರ್ಮೋನಿಯಂ ಮಾಸ್ತರಿಗೆ ಗಾಬರಿಯಾಯಿತು. ನಮ್ಮ ಕಡೆ ಹಾರ್ಮೋನಿಯಂಗೂ ಪೇಟಿ ಎನ್ನುವುದು ವಾಡಿಕೆ. "ನಿಮ್ಮ ಗಂಟಲಾ ನೋವಾದ್ರ ನನ್ನ ಪೇಟಿ ಯಾಕ ತಗೀತಾರ್ರಿ?" ಎಂದು ಅವನು ಎರಡೂ ಕೈಯಿಂದ ಅದನ್ನು ತಬ್ಬಿ ಹಿಡಿದ.

"ನಿಂದಲ್ಲೋ ಹುಚ್ಚಾ, ನಂದು. ದನಿ ಪೆಟಗಿ" ಎಂದು ಅಜ್ಜ ನಕ್ಕರು. ಆಮೇಲೆ ನನ್ನ ಕಡೆ ತಿರುಗಿದರು. "ಅದು ಹೋದಮ್ಯಾಲೆ ಹಾಡೂದಂತೂ ದೂರ ಉಳೀತು, ನೀರ ಕೊಡು ಅನ್ನಾಕೂ ಆಗೂದಿಲ್ಲಂತ. ಅದಕ್ಕ ಮೊದಲ ಒಮ್ಮೆ ತುಂಬಿ ಇಡು. ನಾ ಹ್ಯಾಂಗ ಹಾಡ್ತಿದ್ದೆ ಅಂತ ನನಗರೆ ಕೇಳಾಕ ಸಿಗಬೇಕಲ್ಲ."

ನಾನು ಆ ದಿನವೇ ಚೀಟಿ ಬರೆದೆ: ನ್ಯೂ ಮೆಟಲ್ ಕ್ಯಾಸೆಟ್, ಒಂದು ಬಾಕ್ಸ್, ಅರ್ಜೆಂಟ್. ಪಾಯಪ್ಪಣ್ಣ ಎದುರಿನ ಎಸ್‌ಟಿಡಿ ಬೂತಿನಿಂದ ಮುಂಬೈಯ ವ್ಯಾಪಾರಿಗೆ ಫೋನು ಹಚ್ಚಿದರು. ಗಾಜಿನ ಬಾಗಿಲು ಹಾಕಿದ್ದರೂ ಅವರ ಮರಾಠಿ ಇಡೀ ರಸ್ತೆಗೆ ಕೇಳುತ್ತಿತ್ತು. "ಹೋ ಹೋ, ನ್ಯೂ ಮೆಟಲ್! ನ್ಯೂ! ಜುನಾ ನಕೋ!" ಹಳೆಯದು ಬೇಡ ಎಂದು ಮೂರು ಸಲ ಒತ್ತಿ ಹೇಳಿ ಹೊರಗೆ ಬಂದವರ ಮುಖದಲ್ಲಿ ಬೆರಗು. "ಮುಂಬೈದಾಗ ಕಾಲೇಜ್ ಹುಡುಗೂರೆಲ್ಲಾ ಈಗ ಅದನ್ನ ಕೇಳಾಕತ್ತಾರಂತೋ ಮಲ್ಲಪ್ಪಾ. ನಾವು ಭಾಳ ಹಿಂದ ಉಳದೇವಿ" ಎಂದರು. ಕಾಲೇಜು ಹುಡುಗರಿಗೆ ಖಾಲಿ ಟೇಪಿನ ಮೇಲೆ ಇಷ್ಟು ಪ್ರೀತಿ ಏಕೆ ಎಂದು ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಪಾರ್ಸಲ್ಲು ಬಂದದ್ದು ರೆಕಾರ್ಡಿಂಗ್ ದಿನ ಬೆಳಿಗ್ಗೆಯೇ. ಖಾಲಿ ಕ್ಯಾಸೆಟ್ಟಿನ ಬಾಕ್ಸ್ ಎಂದರೆ ಹತ್ತು. ಇದು ನೋಡಿದರೆ ಹಮಾಲ ತಲೆಯ ಮೇಲೆ ಹೊತ್ತು ತಂದ. ಬಿಚ್ಚಿದರೆ ಒಂದೇ ಥರದ ನೂರು ಕ್ಯಾಸೆಟ್ಟು. ಹೊದಿಕೆಯ ಮೇಲೆ ತಲೆಯ ಜಾಗದಲ್ಲಿ ಬಗ್ಗಿದ ಮೊಳೆ ಇರುವ ಒಬ್ಬ ಮನುಷ್ಯನ ಚಿತ್ರ. ತುಂಬಿದ ಕ್ಯಾಸೆಟ್ಟಿನ ವ್ಯಾಪಾರದಲ್ಲಿ ಬಾಕ್ಸ್ ಎಂದರೆ ನೂರು ಎಂದು ಆಮೇಲೆ ತಿಳಿಯಿತು.

"ಈ ರುಂಡ ಇಲ್ಲದಾಂವ ಯಾರೋ?" ಎಂದರು ಪಾಯಪ್ಪಣ್ಣ.

ಒಂದನ್ನು ಡೆಕ್ಕಿಗೆ ಹಾಕಿ ಗುಂಡಿ ಒತ್ತಿದೆ. ಮೊದಲು ಯಾರೋ ಪಿಸುಗುಟ್ಟಿದರು. ಆಮೇಲೆ ಒಮ್ಮೆಲೇ ಕಬ್ಬಿಣದ ತಗಡುಗಳು ಲಾರಿಯಿಂದ ಕೆಳಗೆ ಬಿದ್ದವು, ಒಬ್ಬ ಮನುಷ್ಯ ಗಂಟಲು ಹರಿಯುವ ಹಾಗೆ ಒದರತೊಡಗಿದ. ಪಾಯಪ್ಪಣ್ಣ ಕುರ್ಚಿಯಿಂದ ಎದ್ದು, "ಬಂದ್ ಮಾಡೋ, ಬಂದ್ ಮಾಡೋ! ಮಷೀನು ಟೇಪ್ ತಿನ್ನಾಕತ್ತೈತಿ!" ಎಂದು ಕೂಗಿದರು. ನಾನೂ ಹಾಗೇ ತಿಳಿದು ತೆಗೆದು ನೋಡಿದೆ. ಟೇಪಿಗೆ ಒಂದು ಸುಕ್ಕೂ ಬಿದ್ದಿರಲಿಲ್ಲ. ಇನ್ನೊಂದು ಹಾಕಿದೆ, ಅದೂ ಒದರಿತು. ನೂರೂ ಒದರುತ್ತವೆ ಎಂಬುದು ಆಗ ಖಾತ್ರಿಯಾಯಿತು.

ಅಷ್ಟರಲ್ಲಿ ಅಜ್ಜ, ಅವರ ಹೆಂಡತಿ ನೀಲವ್ವ, ಪೇಟಿ ಮಾಸ್ತರು, ದಮ್ಮಡಿ ಬಾರಿಸುವವನು ಎಲ್ಲ ಬಂದು ಇಳಿದರು. ಶ್ರಾವಣದ ಗದ್ದಲಕ್ಕೆ ಅಂಗಡಿಯ ಒಳ್ಳೆಯ ಖಾಲಿ ಕ್ಯಾಸೆಟ್ಟೆಲ್ಲ ತೀರಿದ್ದವು. ಉಳಿದವು ಉಜ್ಜಿದರೆ ಕಂದು ಪುಡಿ ಉದುರುವಂಥವು. ಆಪರೇಷನ್ನಿಗೆ ಇನ್ನು ಮೂರೇ ದಿನ ಇತ್ತು. ನಾನು ಒದರುವ ಕ್ಯಾಸೆಟ್ಟಿನ ಟೇಪನ್ನು ಬೆರಳಿಂದ ಮುಟ್ಟಿ ನೋಡಿದೆ. ನುಣುಪಾಗಿತ್ತು, ಹೊಚ್ಚ ಹೊಸದು. ಹಿಂದಿನ ತೂತಿಗೆ ಕಾಗದ ತುರುಕಿ ಮೇಲೆ ಗಮ್ ಟೇಪು ಹಚ್ಚಿದರೆ ಯಾವ ಕ್ಯಾಸೆಟ್ಟಿನ ಮೇಲೂ ಮತ್ತೆ ತುಂಬಬಹುದು. "ಇದರ ಮ್ಯಾಲೇ ತುಂಬೋಣ್ರಿ ಅಣ್ಣಾರ" ಎಂದೆ. ಪಾಯಪ್ಪಣ್ಣ ಯೋಚಿಸಿ, "ನೂರರ ಮ್ಯಾಲೂ ತುಂಬು. ಆ ಮೊಳಿ ತಲಿಯಾಂವ ಒಬ್ಬನೂ ನನ್ನ ಕಣ್ಣಿಗೆ ಬೀಳಬಾರದು" ಎಂದರು.

ಕ್ಯಾಸೆಟ್ಟಿನ ಮೈಮೇಲೆ ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಅಚ್ಚಾಗಿತ್ತು. ಅದು ಏನೆಂದು ಅಜ್ಜ ಕೇಳಿದರು. "ಸಣ್ಣ ಹುಡುಗೂರ ಕೈಯಾಗ ಕೊಡಬ್ಯಾಡ್ರಿ ಅಂತ ಬರದಾರ್ರಿ" ಎಂದೆ. "ಖರೆ ಐತಿ, ರೀಲ್ ಜಗ್ಗಿ ಹಾಳ ಮಾಡ್ತಾವ" ಎಂದು ಅಜ್ಜ ಒಪ್ಪಿದರು.

ಅಜ್ಜ ಆ ದಿನ ಹಾಡಿದ ಹಾಗೆ ನಾನು ಮತ್ತೆ ಯಾರನ್ನೂ ಕೇಳಲಿಲ್ಲ. ದನಿ ಅಲ್ಲಲ್ಲಿ ಒಡೆಯುತ್ತಿತ್ತು. ಒಡೆದಲ್ಲಿ ಅವರು ಕಣ್ಣು ಮುಚ್ಚಿ ಇನ್ನೂ ಮೇಲಕ್ಕೆ ಹೋಗುತ್ತಿದ್ದರು. ಗಿರಣಿಗೆ ಬಂದ ಹೆಂಗಸರೂ ಬೈಯುವುದು ಬಿಟ್ಟು ಗೋಡೌನಿನ ಬಾಗಿಲಲ್ಲಿ ನಿಂತರು. ಒಂದು ಮಗ್ಗುಲು ತುಂಬಿ, ಎರಡನೆಯ ಮಗ್ಗುಲಲ್ಲಿ ಮಂಗಳಾರತಿಗೆ ಬಂದೆವು. ಕೊನೆಯ ಸಾಲಿನ ಕೊನೆಯ ಎಳೆತದಲ್ಲಿ ಅಜ್ಜನ ದನಿ ಇನ್ನೂ ನಿಂತಿದ್ದಾಗಲೇ ಕರೆಂಟು ಹೋಯಿತು.

"ಮತ್ತೊಮ್ಮೆ ಬರೇ ಮಂಗಳಾರತಿ ಹಾಡ್ತೀರೇನ್ರಿ?" ಎಂದು ಕೇಳಿದೆ. ಅಜ್ಜ ಗೋಡೆಗೆ ಒರಗಿ ಕೂತಿದ್ದರು. "ಇನ್ನ ಆಗೂದಿಲ್ಲಪಾ. ಇದ್ದದ್ದೆಲ್ಲಾ ಹಾಕೇನಿ" ಎಂದರು. ಅವರು ಹಾಡಿಗೆ ಖರ್ಚು ಮಾಡಿದ ಕೊನೆಯ ದನಿ ಅದು.

ಕರೆಂಟು ಬಂದ ಮೇಲೆ ಮಂಗಳಾರತಿಯನ್ನು ಕೇಳಿ ನೋಡಿದೆ. ಯಂತ್ರ ನಿಧಾನವಾಗಿ ನಿಂತದ್ದರಿಂದ ಅಜ್ಜನ ಕೊನೆಯ ಎಳೆತ ಸರ್ರನೆ ಮೇಲಕ್ಕೆ ಏರುತ್ತಿತ್ತು. ಅದು ಅಲ್ಲಿಗೆ ಮುಗಿಯಿತು ಎಂದು ನಾನು ಅಲ್ಲೇ ಗುಂಡಿ ಒತ್ತಿ ನಿಲ್ಲಿಸಿ, ಟೇಪು ಹಿಂದಕ್ಕೆ ಸುತ್ತಿದೆ. ಅಜ್ಜನ ಹಾಡು ಮುಗಿದರೂ ಟೇಪು ಮುಗಿದಿಲ್ಲ, ಇನ್ನೂ ಹತ್ತು ನಿಮಿಷ ಉಳಿದಿದೆ, ಆ ಹತ್ತು ನಿಮಿಷದಲ್ಲಿ ಮೊಳೆ ತಲೆಯವನು ಹಾಗೇ ಕೂತಿದ್ದಾನೆ ಎಂದು ನನಗೆ ನೆನಪಾಗಲಿಲ್ಲ. ಸವಿತಾ ಅಡಿಗೆರೆ ಎಳೆಯಬೇಕಾದದ್ದು ಇಲ್ಲಿ.

ಮುಂದಿನ ವಾರ ತೊಂಬತ್ತೊಂಬತ್ತು ಪ್ರತಿ ತೆಗೆದೆ. ಡಬಲ್ ಡೆಕ್ಕಿನಲ್ಲಿ ದುಪ್ಪಟ್ಟು ವೇಗದಲ್ಲಿ ಪ್ರತಿ ಮಾಡುವಾಗ ಹಾಡು ಇಲಿಮರಿಗಳ ಜಗಳದಂತೆ ಕೇಳುತ್ತದೆ. ಅದಕ್ಕೆ ದನಿ ಪೂರ್ತಿ ಇಳಿಸಿ ಇಡುತ್ತಿದ್ದೆವು. ಪ್ರತಿಯೊಂದನ್ನೂ ಮೊದಲ ಐದು ನಿಮಿಷ ಕೇಳಿ ಡಬ್ಬಿಗೆ ಹಾಕಿದೆ. ತಮಾಷೆ ನೋಡಿ, ಆ ಪ್ರತಿಗಳ ಕೊನೆಯಲ್ಲೂ ಅದೇ ಒದರಾಟ ಮೊದಲೇ ಇತ್ತು. ಅದರ ಮೇಲೆ ಅದೇ ಒದರಾಟವನ್ನು ನಾನು ಕಷ್ಟಪಟ್ಟು ಎರಡನೆಯ ಸಲ ತುಂಬಿದೆ. ಪಾಯಪ್ಪಣ್ಣ ಹೊದಿಕೆಗಳನ್ನು ಮಗುಚಿ, ಬಿಳಿಯ ಮಗ್ಗುಲಿಗೆ ಪೇಟ ಸುತ್ತಿದ ಅಜ್ಜನ ಫೋಟೊ ಅಂಟಿಸಿ, ಬಸ್ಸಿನ ಮೇಲೆ ಹುಕ್ಕೇರಿ, ಮೂಡಲಗಿ, ಘಟಪ್ರಭಾ ಅಂಗಡಿಗಳಿಗೆ ಕಳಿಸಿದರು.

ಮೊದಲು ಬಂದವರು ಹುಕ್ಕೇರಿಯ ಕಸ್ತೂರೆವ್ವ. ಕ್ಯಾಸೆಟ್ಟನ್ನು ಅರಿಶಿನ ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಒಂದು ನಿಂಬೆಹಣ್ಣು ಇಟ್ಟುಕೊಂಡು ಬಂದಿದ್ದರು.

"ಇದರಾಗ ಏನೋ ಸೇರಿಕೊಂಡೈತ್ರಿ" ಎಂದರು. "ನಮ್ಮ ಮಾವನಾರು ಮಂಗಳಾರತಿ ಆದಮ್ಯಾಲೆ ಕಣ್ಣ ಮುಚ್ಚಿ ಕುಂದರ್ತಾರ. ಮೊಣಕಾಲ ನೋವು ಅಂತ ಭಾಳ ವರ್ಷದಿಂದ ಹಿಡದ ಎಬ್ಬಸಬೇಕು. ನಿನ್ನೆ ಅದು ಒದರಿತು ನೋಡ್ರಿ, ಒಮ್ಮಿಗೇ ಜಿಗದ ಅಂಗಳದಾಗ ಹೋಗಿ ನಿಂತಾರ!"

"ಹಂಗಾದ್ರ ಛಲೋ ಆತಲ್ರಿ" ಎಂದರು ಪಾಯಪ್ಪಣ್ಣ.

"ಏನ ಛಲೋ! ಈಗ ಮನಿ ಒಳಗ ಬರಾಕ ಒಲ್ಲೆ ಅಂತಾರ!"

ನಾನು ಕ್ಯಾಸೆಟ್ಟು ಹಾಕಿ ಮಂಗಳಾರತಿಗೆ ಓಡಿಸಿದೆ. ಅಜ್ಜನ ದನಿ ಮೇಲೇರಿತು, ಅದರ ಬೆನ್ನಿಗೇ ತಗಡಿನ ಲಾರಿ ಬಂತು. ನಡುವೆ ಒಂದು ಉಸಿರಿನಷ್ಟೂ ಸಂದಿರಲಿಲ್ಲ. ಕಸ್ತೂರೆವ್ವ ನಿಂಬೆಹಣ್ಣನ್ನು ಡೆಕ್ಕಿನ ಮೇಲೆ ಇಟ್ಟರು. ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಅದೇ ಹೊತ್ತಿಗೆ ಅಜ್ಜ ಘಟಪ್ರಭಾದಲ್ಲಿ ದನಿಪೆಟ್ಟಿಗೆ ತೆಗೆಸಿಕೊಂಡು ಮಲಗಿದ್ದರು. ಅವರ ದನಿ ಎಂದು ಈ ಲೋಕದಲ್ಲಿ ಉಳಿದದ್ದು ಈ ಟೇಪೊಂದೇ. ಅದನ್ನು ನಾನು ಊರ ಮಂದಿ ನಗುವ ಹಾಗೆ ಮಾಡಿಟ್ಟಿದ್ದೆ. ನನಗೆ ನಿಜವಾಗಿ ಅಳು ಬಂತು.

ಮಾರನೆಯ ದಿನದಿಂದ ಕ್ಯಾಸೆಟ್ಟು ವಾಪಸು ತರಲು ಊರೂರು ತಿರುಗಿದೆ. ಕಣಗಲಾದಲ್ಲಿ ಗುಡಿಯ ಕಮಿಟಿಯ ಹಿರಿಯರೊಬ್ಬರು ಬೆಳಿಗ್ಗೆ ಐದಕ್ಕೆ ಅಜ್ಜನ ಭಜನೆಯನ್ನು ಲೌಡ್‌ಸ್ಪೀಕರಿನಲ್ಲಿ ಹಚ್ಚುತ್ತಿದ್ದರು. ನಾನು ಕೈಮುಗಿದು, ತಪ್ಪಾಗಿದೆ, ಕೊಡಿ ಎಂದೆ. ಅವರು ಕ್ಯಾಸೆಟ್ಟನ್ನು ಬೆನ್ನ ಹಿಂದೆ ಇಟ್ಟುಕೊಂಡರು.

"ಕೊಡೂದಿಲ್ರಿ. ಮೊದಲ ಭಜನಿ ಹಚ್ಚಿದ್ರ ಮಂದಿ ಕೌದಿ ಹೊಚಗೊಂಡ ಮಲಗತಿದ್ರು. ಈಗ ಅಂವ ಒದರೂದರಾಗ ಇಡೀ ಊರ ಎದ್ದ ಕುಂದರತೈತಿ. ಹಾಲಿನ ಡೇರಿಯವರು ಬಂದ ನನಗ ನಮಸ್ಕಾರ ಮಾಡಿ ಹ್ವಾದ್ರು. ಇನ್ನೊಂದ ಇದ್ರ ಕೊಡ್ರಿ, ಇದು ಸವದ್ರ ಬೇಕಾಗತೈತಿ."

ಅರಭಾವಿಯಲ್ಲಿ ಆದದ್ದು ಇನ್ನೊಂದು ಥರ. ಅಲ್ಲಿಯ ತೋಟಗಾರಿಕೆ ಕಾಲೇಜಿನ ಹುಡುಗರು ಘಟಪ್ರಭಾಕ್ಕೆ ಹೋಗುವ ಟೆಂಪೊದಲ್ಲಿ ಡ್ರೈವರ್ ಭಜನೆ ಹಚ್ಚಿದ್ದ. ಮಂಗಳಾರತಿ ಆದದ್ದೇ ಪ್ರದೀಪ ಎಂಬ ಬೆಂಗಳೂರಿನ ಹುಡುಗ ಸೀಟಿನಿಂದ ಎದ್ದು ತಲೆ ಕುಣಿಸಲು ಶುರುಮಾಡಿದನಂತೆ. ಮೈಮೇಲೆ ದೇವರು ಬಂತೆಂದು ಮಂದಿ ಜಾಗ ಬಿಟ್ಟರಂತೆ. ಟೆಂಪೊ ಇಳಿದವನು ಗೋಕಾಕದ ಬಸ್ಸು ಹಿಡಿದು ನೇರ ನಮ್ಮ ಅಂಗಡಿಗೆ ಬಂದ.

"ಅಂಕಲ್, ಈ ಆಲ್ಬಂ ನಿಮ್ಮ ಹತ್ರ ಹೇಗೆ ಬಂತು? ಬೆಂಗಳೂರಲ್ಲೇ ಸಿಗ್ತಿಲ್ಲ. ಇದು ನು-ಮೆಟಲ್ ಅಂಕಲ್! ಆ ಬ್ಯಾಂಡ್ ಹೆಸರು ಮಾಡಿದ್ದೇ ಈ ಆಲ್ಬಂನಿಂದ. ಪೂರ್ತಿ ಇರೋದು ಒಂದು ಕೊಡಿ."

"ಪೂರ್ತಿ ಇಲ್ಲಪಾ. ನೂರಿದ್ವು. ಎಲ್ಲಾ ಅಳಿಸಿ ಭಜನಾ ತುಂಬೇನಿ" ಎಂದೆ.

"ಅಳಿಸಿದ್ರಾ? ನೂರೂನಾ?" ಎಂದು ಆ ಹುಡುಗ ನಮ್ಮ ಬೆಂಚಿನ ಮೇಲೆ ಕುಸಿದು ಕೂತ. ಅವನ ಮುಖ ನೋಡಿ ಪಾಯಪ್ಪಣ್ಣ ನೀರು ತರಿಸಿದರು. ಮೆಟಲ್ ಎಂದರೆ ಬರೀ ಟೇಪಿನ ಜಾತಿ ಅಲ್ಲ, ಹಾಡಿನ ಜಾತಿಯೂ ಒಂದಿದೆ, ಅದರಲ್ಲೂ ನು-ಮೆಟಲ್ ಎಂಬ ಹೊಸದೊಂದು ಹುಟ್ಟಿದೆ, ಮುಂಬೈಯವನು ನಮ್ಮ 'ನ್ಯೂ ಮೆಟಲ್' ಅದೇ ಎಂದುಕೊಂಡಿದ್ದ ಎಂದು ನಮಗೆ ತಿಳಿದದ್ದು ಆಗ. ಕೊನೆಗೆ ಅವನು, ಅವನ ಗೆಳೆಯರು ಸೇರಿ ಕೊನೆಯ ಹತ್ತು ನಿಮಿಷದ ಆಸೆಗೆ ಭಜನೆಯ ಕ್ಯಾಸೆಟ್ಟು ಆರು ಒಯ್ದರು. ಪ್ರದೀಪ ಈಗ ದ್ರಾಕ್ಷಿ, ದಾಳಿಂಬೆ ಬೆಳೆಗಾರರಿಗೆ ಸಲಹೆ ಕೊಡುವ ಸಾಹೇಬ. ವರ್ಷಕ್ಕೊಮ್ಮೆ ಫೋನು ಮಾಡುತ್ತಾನೆ. ಆಮೇಲೆ ಪೂರ್ತಿ ಆಲ್ಬಂ ಸಿಕ್ಕಿತಂತೆ. ಆದರೆ ಮೊದಲು ಅಜ್ಜನ ಮಂಗಳಾರತಿ ಇಲ್ಲದೆ ಆ ಹಾಡು ಕೇಳಿದರೆ ಏನೋ ಬೋಳು ಬೋಳು ಎನಿಸುತ್ತದಂತೆ. ಅವನೇ ನನ್ನ ಮೊಬೈಲಿಗೂ ಆ ಪೂರ್ತಿ ಆಲ್ಬಂ ಕಳಿಸಿದ್ದಾನೆ. ನಾನು ಅಳಿಸಿಹಾಕಿದ ಭಾಗವನ್ನು ಇಷ್ಟು ವರ್ಷದ ಮೇಲೆ ಕೇಳಿದೆ. ಅಷ್ಟೇನೂ ತಪ್ಪು ಮಾಡಿರಲಿಲ್ಲ ಎಂದು ಸಮಾಧಾನವಾಯಿತು.

ಆದರೆ ಆ ಕೊನೆಯ ಹತ್ತು ನಿಮಿಷದ ಮಾತು ಬೇರೆ. ಅಂದು ಪ್ರದೀಪ ಅಂಗಡಿಯಿಂದ ಹೋದ ಮೇಲೆ ನಾನು ಹೆಡ್‌ಫೋನು ಹಾಕಿಕೊಂಡು ಅದನ್ನು ಕಸುಬಿನವನ ಕಿವಿಯಿಂದ ಕೇಳಿದೆ. ಗಿಟಾರಿನ ತಂತಿ ಸಡಿಲ ಬಿಟ್ಟು ಶ್ರುತಿ ಎಷ್ಟು ಕೆಳಗೆ ಇಳಿಸಿದ್ದರೆಂದರೆ ಅದು ಮಳೆಗಾಲದ ಡೊಳ್ಳಿನಂತೆ ಗುಂಯ್ ಎನ್ನುತ್ತಿತ್ತು. ಆ ಮನುಷ್ಯ ಮೊದಲು ತನ್ನಷ್ಟಕ್ಕೆ ಗೊಣಗುತ್ತಿದ್ದ, ಆಮೇಲೆ ದನದ ಸಂತೆಯಲ್ಲಿ ಹರಾಜು ಕೂಗುವವನ ಹಾಗೆ ಒಂದೇ ಉಸಿರಿಗೆ ಬಡಬಡಿಸುತ್ತಿದ್ದ, ಆಮೇಲೆ ಒದರುತ್ತಿದ್ದ. ಚಂದ ಕಾಣಬೇಕು ಎಂಬ ಆಸೆ ಅವನಿಗೆ ಎಳ್ಳಷ್ಟೂ ಇರಲಿಲ್ಲ. ನನ್ನ ಮೈಕಿನ ಮುಂದೆ ಅಷ್ಟು ಮಂದಿ ಕೂತು ಹೋಗಿದ್ದರು. ಗಂಟಲು ಸರಿಮಾಡಿಕೊಳ್ಳದೆ, ಶರ್ಟು ನೇರ ಮಾಡಿಕೊಳ್ಳದೆ ಹಾಡಿದವರನ್ನು ನಾನು ಕಂಡಿರಲಿಲ್ಲ. ಇವನು ಮನೆಯ ಬಾಗಿಲು ಹಾಕಿಕೊಂಡು ಒಬ್ಬನೇ ಮಾಡಬೇಕಾದದ್ದನ್ನು ಮೈಕಿನ ಮುಂದೆ ಮಾಡಿದ್ದ. ಅವನ ಇಂಗ್ಲಿಷು ನನಗೆ ತಿಳಿಯಲಿಲ್ಲ, ಆದರೂ ಅವನಿಗೆ ಯಾರೋ ಏನೋ ಮಾಡಿದ್ದಾರೆ ಎಂಬುದು ತಿಳಿಯಿತು. ಈ ಹಾಡನ್ನು ಮಂದಿ ಇನ್ನೂ ಏಕೆ ಕೇಳುತ್ತಾರೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಅದೇ. ನುಂಗಿಕೊಂಡು ಕೂತವರು ಎಲ್ಲ ಊರಲ್ಲೂ ಇರುತ್ತಾರೆ, ಅವರ ಪರವಾಗಿ ಒಬ್ಬ ಒದರಿದ್ದಾನೆ.

ಪಾಯಪ್ಪಣ್ಣನಿಗೆ ಈ ವಿಚಾರವೆಲ್ಲ ಬೇಕಿರಲಿಲ್ಲ. "ಅಂಗಡಿ ಹೆಸರ ಕೆಡತೈತಿ. ಅಸಲಿ ಕ್ಯಾಸೆಟ್ಟಿನ ಬಾಲಾ ಅಳಸು, ಹೊಸಾದಾಗಿ ಪ್ರತಿ ತಗಿ. ಅಜ್ಜ ಆಸ್ಪತ್ರಿಯಿಂದ ಬರೂದರಾಗ ಮುಗೀಬೇಕು" ಎಂದು ಹುಕುಂ ಮಾಡಿದರು. ಅಳಿಸಲು ಕೂತೆ. ಅಜ್ಜನ ಕೊನೆಯ ಎಳೆತ ಎಲ್ಲಿ ಮುಗಿಯುತ್ತದೆ, ಒದರಾಟ ಎಲ್ಲಿ ಶುರುವಾಗುತ್ತದೆ ಎಂದು ಹತ್ತು ಸಲ ಕೇಳಿದೆ. ಎರಡೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ನನ್ನ ಹಳೆಯ ಡೆಕ್ಕಿನಲ್ಲಿ ಎಲ್ಲಿ ಗುಂಡಿ ಒತ್ತಿದರೂ ಅಜ್ಜನ ಎಳೆತದ ತುದಿ ಹೋಗುತ್ತಿತ್ತು. ಸವಿತಾಳ ಕಂಪ್ಯೂಟರಿನಲ್ಲಿ ಅದು ಎರಡು ನಿಮಿಷದ ಕೆಲಸ. ನನಗೆ ಅದು, ಇನ್ನು ಎಂದೂ ಹಾಡದ ಒಬ್ಬ ಮನುಷ್ಯನ ದನಿಯಿಂದ ಒಂದು ತುಂಡು ಕತ್ತರಿಸುವ ಕೆಲಸ. ಬೆರಳು ಗುಂಡಿಯ ಮೇಲಿಟ್ಟು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ, ಒತ್ತಲು ಆಗಲಿಲ್ಲ. ಮಾಲೀಕರ ಮಾತನ್ನು ನಾನು ಮೀರಿದ್ದು ಅದೊಂದೇ ಸಲ. ಅಜ್ಜ ಊರಿಗೆ ಬಂದಿದ್ದಾರೆಂದು ಕೇಳಿ, ಅಸಲಿ ಕ್ಯಾಸೆಟ್ಟನ್ನೂ ಒಂದು ಟೇಪ್‌ರೆಕಾರ್ಡರನ್ನೂ ಚೀಲದಲ್ಲಿ ಹಾಕಿಕೊಂಡು ಮೂಡಲಗಿ ಬಸ್ಸು ಹತ್ತಿದೆ.

ಅಜ್ಜ ಪಡಸಾಲೆಯಲ್ಲಿ ಕೂತು ಹೊರಸು ಮಂಚದ ಕಾಲೊಂದನ್ನು ಕೀಸುತ್ತಿದ್ದರು. ಕೊರಳಿಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿದ್ದರು. ಉಸಿರು ಅದರ ಹಿಂದಿನ ತೂತಿನಿಂದಲೇ ಹೋಗಿ ಬರುತ್ತಿತ್ತು. ನನ್ನನ್ನು ನೋಡಿ ತುಟಿ ಆಡಿಸಿದರು. ನೀಲವ್ವ ಪಕ್ಕದಲ್ಲಿ ಕೂತು ಅದನ್ನು ಓದಿ ಹೇಳಿದರು.

"ಚಾ ಕುಡೀರಿ ಅಂತಾರ." ಅಜ್ಜ ತಲೆ ಅಲ್ಲಾಡಿಸಿ ಮತ್ತೆ ತುಟಿ ಆಡಿಸಿದರು. "ಅಲ್ಲಂತ. ಊಟಾ ಮಾಡ್ರಿ ಅಂತ. ಲಗ್ನಾದಾಗಿಂದ ಒಂದ ದಿನಾ ನನ್ನ ಮಾತ ಕೇಳಲಿಲ್ಲ ಈ ಮನಶ್ಯಾ. ಈಗ ನೋಡ್ರಿ, ನನ್ನ ಬಾಯಿಲೇ ಮಾತಾಡಬೇಕಾಗೈತಿ!"

ನಾನು ನಿಂತೇ ಹೇಳಿದೆ. "ಅಜ್ಜಾರ, ನನ್ನ ಕಡೆಯಿಂದ ಒಂದು ದೊಡ್ಡ ತಪ್ಪ ಆಗೈತ್ರಿ. ನಿಮ್ಮ ಟೇಪಿಗೆ ಬ್ಯಾರೆ ಹಾಡಿನ ಬಾಲಾ ಉಳದೈತಿ. ಅಳಸಿದ್ರ ನಿಮ್ಮ ಕಡೀ ಎಳತಾನೂ ಹೋಗತೈತಿ. ನೀವ ಕೇಳಿ ಹೇಳ್ರಿ."

ಮಂಗಳಾರತಿ ಹಚ್ಚಿದೆ. ತನ್ನ ದನಿ ಕೇಳುತ್ತಿದ್ದಂತೆ ಅಜ್ಜ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟರು. ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡರು. ದನಿ ಮೇಲೇರಿತು, ಏರಿದ್ದೇ ತಗಡಿನ ಲಾರಿ ಅಂಗಳಕ್ಕೆ ನುಗ್ಗಿತು. ಕೋಳಿಗಳು ಕೂಗುತ್ತ ಓಡಿದವು. ನೀಲವ್ವನ ಕೈ ತಾಗಿ ನೀರಿನ ಚರಗಿ ಉರುಳಿತು. ನಾನು ಬಂದ್ ಮಾಡಲು ಕೈಚಾಚಿದೆ. ಅಜ್ಜ ನನ್ನ ಮಣಿಕಟ್ಟು ಹಿಡಿದರು. ಬಡಿಗರ ಹಿಡಿತ ಅದು, ಅಲುಗಾಡಿಸಲು ಆಗಲಿಲ್ಲ. ಟೇಪು ಮುಗಿದು ಗುಂಡಿ ತಾನೇ ಮೇಲಕ್ಕೆ ಹಾರುವವರೆಗೂ ಬಿಡಲಿಲ್ಲ.

ಆಮೇಲೆ ತುಟಿ ಆಡಿದವು.

"ಇಂವ ಯಾರು ಅಂತ ಕೇಳಾಕತ್ತಾರ" ಎಂದರು ನೀಲವ್ವ.

"ಅಮೇರಿಕಾದಾಂವ್ರಿ."

"ಅವಗೇನ ಬ್ಯಾನಿ ಅಂತ."

"ಗೊತ್ತಿಲ್ರಿ."

"ಬಾರಸಾಂವನ ಕೈ ಭಾಳ ಬಿಗಿ ಐತಿ ಅಂತಾರ."

ನಾನು ಮತ್ತೆ ಕೇಳಿದೆ: "ಅಳಸಲೇನ್ರಿ?" ಅಜ್ಜ ಈ ಸಲ ತುಂಬ ಹೊತ್ತು ತುಟಿ ಆಡಿಸಿದರು. ನೀಲವ್ವ ಅದನ್ನು ಓದಿ, ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

"ಏನಂತಾರ್ರಿ ಯವ್ವಾ?"

"ಮ್ಯಾಳದಾಗ ಮುಂದಿನಾಂವ ಎಲ್ಲೆ ದನಿ ಬಿಡತಾನ, ಅಲ್ಲೇ ಹಿಂದಿನಾಂವ ಹಿಡೀಬೇಕಂತ. ಇಲ್ಲಾಂದ್ರ ಹಾಡ ನೆಲಕ್ಕ ಬೀಳತೈತಂತ. ನಾ ಬಿಟ್ಟಲ್ಲೇ ಇಂವ ಹಿಡದಾನ, ಕೆಳಗ ಬೀಳಾಕ ಬಿಟ್ಟಿಲ್ಲ. ಅಳಸಬ್ಯಾಡ ಅಂತಾರ್ರಿ."

ಅಜ್ಜ ಬೆರಳನ್ನು ಗಾಳಿಯಲ್ಲಿ ಹಿಂದಕ್ಕೆ ಸುತ್ತಿ ತೋರಿಸಿದರು, ಮತ್ತೆ ಹಚ್ಚು ಎಂದು. ಟೇಪನ್ನು ಹಿಂದಕ್ಕೆ ಸುತ್ತಿ ಹಚ್ಚಿದೆ. ಮಂಗಳಾರತಿ ನಡೆದಷ್ಟು ಹೊತ್ತು ಅವರು ತಲೆ ತಗ್ಗಿಸಿ ಕೂತಿದ್ದರು. ಆ ಒದರಾಟ ಬಂದ ಕೂಡಲೇ ನೆಟ್ಟಗೆ ಕೂತು, ಎರಡೂ ಕೈ ತೊಡೆಯ ಮೇಲೆ ಊರಿ, ಬಾಯಿ ದೊಡ್ಡದಾಗಿ ತೆರೆದರು. ಕೊರಳಿನ ನರಗಳು ಉಬ್ಬಿದವು. ಬಿಳಿ ಬಟ್ಟೆ ಉಸಿರಿಗೆ ಪಟಪಟನೆ ಹಾರಿತು. ಅವರಿಂದ ಒಂದು ಸದ್ದೂ ಬರಲಿಲ್ಲ. ಟೇಪು ಮುಗಿಯುವವರೆಗೂ ಅಜ್ಜ ಒದರಿದರು.